ಎಂಜಿನ್‌ಗೆ ಗಾಳಿ ಬೇಕು, ಧೂಳು ಬೇಡ: ಹೈ-ಫ್ಲೋ ಏರ್ ಫಿಲ್ಟರ್ ಆರಿಸುವುದು, ತೊಳೆಯುವುದು ಹೇಗೆ?

ಪೋಲೊ ಜಿಟಿ ಟಿಎಸ್‌ಐ, ಆಕ್ಟೇವಿಯಾ ವಿಆರ್‌ಎಸ್, ಐ20 ಎನ್ ಲೈನ್. ಇಂಥ ಚುರುಕಿನ ಕಾರು ಮನೆಗೆ ಬಂದ ಮೇಲೆ ಮಾಲೀಕರ ಕೈ ಮೊದಲು ಹೋಗುವುದು ಏರ್ ಫಿಲ್ಟರ್ ಕಡೆಗೆ. ಎಕ್ಸಾಸ್ಟ್ ಬದಲಿಸುವುದಕ್ಕಿಂತ ಅಗ್ಗ, ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಮನೆಯಲ್ಲೇ ಮುಗಿಯುವ ಕೆಲಸ. ‘ಹೈ-ಫ್ಲೋ (ಗಾಳಿಯನ್ನು ಹೆಚ್ಚು ಸಲೀಸಾಗಿ ಬಿಡುವ ಫಿಲ್ಟರ್) ಹಾಕ್ಸಿ, ಪವರ್ ಜಾಸ್ತಿ ಆಗುತ್ತೆ, ಮೈಲೇಜೂ ಬರುತ್ತೆ’ ಅಂತ ಹೇಳುವವರಿಗೂ ಕೊರತೆ ಇಲ್ಲ. ಈ ಮಾತಿನಲ್ಲಿ ನಿಜ ಇರುವುದು ಸ್ವಲ್ಪ. ಆ ಸ್ವಲ್ಪಕ್ಕಾಗಿ ಎಷ್ಟು ಖರ್ಚು ಮಾಡಬೇಕು, ಎಷ್ಟು ಜಾಗ್ರತೆ ವಹಿಸಬೇಕು ಎಂಬುದನ್ನು ತಿಳಿದೇ ಕೈಹಾಕಿ.

ಮೊದಲು ಗಾಳಿಯ ಲೆಕ್ಕ

ಫೋರ್-ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಸಿಸಿಯಷ್ಟು ಗಾಳಿ ಎಳೆದುಕೊಳ್ಳುತ್ತದೆ. ಎರಡು ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗುವಾಗ ನಿಮಿಷಕ್ಕೆ ಹೆಚ್ಚುಕಡಿಮೆ 6000 ಲೀಟರ್ ಗಾಳಿ ಬೇಕು. 5 ಲೀಟರ್ ವಿ8 ಇರುವ ಮಸ್ಟ್ಯಾಂಗ್ ಜಿಟಿಗೆ 6500 ಆರ್‌ಪಿಎಂನಲ್ಲಿ 16 ಸಾವಿರ ಲೀಟರ್ ದಾಟುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ ಇನ್ನೂ ಜಾಸ್ತಿ. ಇಷ್ಟೂ ಗಾಳಿ ಆ ಒಂದು ಫಿಲ್ಟರ್ ದಾಟಿಯೇ ಬರಬೇಕು.

ಹಾಗಾದರೆ ಫಿಲ್ಟರ್ ಎಷ್ಟು ತಡೆಯುತ್ತದೆ? ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 1013 ಮಿಲಿಬಾರ್. ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಂಪನಿಯ ಪೇಪರ್ ಫಿಲ್ಟರ್ ಅದರಲ್ಲಿ 10 ಮಿಲಿಬಾರ್ ನುಂಗುತ್ತದೆ ಎಂದುಕೊಳ್ಳಿ. ಅಂದರೆ ಶೇ 1. ಟರ್ಬೊ ಇಲ್ಲದ ಎಂಜಿನ್‌ನಿಂದ ಆ ಫಿಲ್ಟರನ್ನು ಕಿತ್ತೇ ಹಾಕಿದರೂ ಸಿಗುವ ಲಾಭ ಅಷ್ಟೇ. ಇನ್ನೊಂದು ಫಿಲ್ಟರ್ ಹಾಕಿದರೆ ಅದಕ್ಕಿಂತಲೂ ಕಮ್ಮಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಕಮ್ಮಿ. ಮಂಗಳೂರಿನಲ್ಲಿ ಹಾರುವ ಕಾರು ಇಲ್ಲಿ ಸ್ವಲ್ಪ ಮಂಕಾದರೆ ಪಾಪ, ಫಿಲ್ಟರ್ ಏನು ಮಾಡೀತು?

ಟರ್ಬೊ ಕಾರಿನ ಕಥೆ ಬೇರೆ. ಎಷ್ಟು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬೇಕು ಎಂದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಮೊದಲೇ ನಿಗದಿ ಮಾಡಿರುತ್ತದೆ. ಫಿಲ್ಟರ್ ಸ್ವಲ್ಪ ತಡೆದರೆ ಟರ್ಬೊ ಸ್ವಲ್ಪ ಜೋರಾಗಿ ತಿರುಗಿ ಆ ಕೊರತೆ ತುಂಬಿಸುತ್ತದೆ. ಹಾಗಾಗಿ ರೀಮ್ಯಾಪ್, ಅಂದರೆ ಇಸಿಯು ಲೆಕ್ಕದ ಬದಲಾವಣೆ, ಮಾಡಿಸದ ಕಾರಿಗೆ ಹೈ-ಫ್ಲೋ ಫಿಲ್ಟರ್ ಹಾಕಿದಾಗ ಗೊತ್ತಾಗುವುದು ಮುಖ್ಯವಾಗಿ ಸದ್ದು. ಕಾಲು ತೆಗೆದಾಗ ಬರುವ ಆ ‘ಫುಸ್’! ಖುಷಿ ಕೊಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಹಾರ್ಸ್‌ಪವರ್ ಅಂದುಕೊಳ್ಳಬೇಡಿ. ರೀಮ್ಯಾಪ್ ಮಾಡಿಸಿ ಬೂಸ್ಟ್ ಏರಿಸಿದ್ದರೆ ಎಂಜಿನ್ ಎಳೆಯುವ ಗಾಳಿಯೂ ಹೆಚ್ಚುತ್ತದೆ. ಹೈ-ಫ್ಲೋ ಫಿಲ್ಟರ್‌ಗೆ ಕೊಟ್ಟ ದುಡ್ಡಿಗೆ ಅರ್ಥ ಬರುವುದು ಅಲ್ಲಿ.

ಇನ್ನು ಮೈಲೇಜ್. ಪೆಟ್ರೋಲ್ ಕಾರು ನಿಧಾನಕ್ಕೆ ಹೋಗುವಾಗ ಥ್ರಾಟಲ್ ಕವಾಟವೇ ಅರೆಬರೆ ಮುಚ್ಚಿ ಗಾಳಿಯನ್ನು ತಡೆದಿರುತ್ತದೆ. ಅದರ ಹಿಂದೆ ಎಂಥ ಫಿಲ್ಟರ್ ಇದ್ದರೂ ವ್ಯತ್ಯಾಸ ಕಾಣದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿತು. ಫಿಲ್ಟರ್ ಕಟ್ಟಿಕೊಂಡಿದ್ದರೂ ಈಗಿನ ಇಂಜೆಕ್ಷನ್ ಕಾರುಗಳ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಹೊಡೆತ ಬಿದ್ದದ್ದು ಕಾರು ವೇಗ ಏರುವ ಪಿಕಪ್‌ಗೆ.

ಯಾವ ಬಟ್ಟೆ, ಯಾವ ಕಾಗದ

ಕಂಪನಿಯಿಂದ ಬರುವುದು ಮಡಿಕೆ ಮಡಿಕೆಯ ಪೇಪರ್. ಬಳಸಿ, ಬಿಸಾಕಿ. ಹೈ-ಫ್ಲೋನಲ್ಲಿ ಜನಪ್ರಿಯವಾದದ್ದು ಎಣ್ಣೆ ಹಾಕಿದ ಹತ್ತಿ ಬಟ್ಟೆಯದು. ಅಲ್ಯೂಮಿನಿಯಂ ಜಾಲರಿಯ ನಡುವೆ ತೆಳುವಾದ ಹತ್ತಿ ಬಟ್ಟೆಯ ಕೆಲವು ಪದರ ಇರುತ್ತವೆ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೆ ಆ್ಯಂಡ್ ಎನ್, ಇಟಲಿಯ ಬಿಎಂಸಿ ಇದರಲ್ಲಿ ಹೆಸರು ಮಾಡಿದವು. ಬ್ರಿಟನ್ನಿನ ಪೈಪರ್‌ಕ್ರಾಸ್ ಫೋಮ್ ಬಳಸುತ್ತದೆ. ಎಣ್ಣೆಯ ಗೊಡವೆಯೇ ಬೇಡ ಎನ್ನುವವರಿಗೆ ಒಣ ಸಿಂಥೆಟಿಕ್ ಫಿಲ್ಟರ್‌ಗಳೂ ಇವೆ.

ಹತ್ತಿ ಬಟ್ಟೆಯ ಎಳೆಗಳ ನಡುವೆ ಪೇಪರ್‌ಗಿಂತ ಜಾಸ್ತಿ ಜಾಗ ಇರುತ್ತದೆ. ಗಾಳಿ ಸಲೀಸಾಗಿ ಹೋಗುವುದು ಅದಕ್ಕೇ. ಧೂಳನ್ನು ಹಿಡಿಯುವುದು ಎಣ್ಣೆಯ ಕೆಲಸ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಜಿಡ್ಡಿಗೆ ಧೂಳು ಮೆತ್ತಿಕೊಂಡ ಹಾಗೆ. ಎಣ್ಣೆ ಆರಿತೋ, ಆ ಬಟ್ಟೆ ಹೆಸರಿಗಷ್ಟೇ ಫಿಲ್ಟರ್.

ಡಬ್ಬಿಯ ಮೇಲಿನ ಶೇಕಡಾ ಲೆಕ್ಕವನ್ನು ಸ್ವಲ್ಪ ತಿರುಗಿಸಿ ಓದಿ. ಒಂದು ಫಿಲ್ಟರ್ ಶೇ 99.5 ಧೂಳು ಹಿಡಿಯುತ್ತದೆ, ಇನ್ನೊಂದು ಶೇ 97 ಎಂದುಕೊಳ್ಳಿ. ಎರಡೂ ಒಂದೇ ಅಲ್ವಾ ಅನ್ನಿಸುತ್ತದೆ. ಒಳಗೆ ಬಿಡುವುದನ್ನು ನೋಡಿ: ಒಂದು ನೂರಕ್ಕೆ ಅರ್ಧ ಪಾಲು, ಇನ್ನೊಂದು ನೂರಕ್ಕೆ ಮೂರು ಪಾಲು. ಆರು ಪಟ್ಟು! ಒಳಗೆ ಹೋಗುವುದು ಸಿಲಿಕಾ, ಅಂದರೆ ನುಣ್ಣನೆಯ ಮರಳು. ಅದು ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗ್ ಎಲ್ಲವನ್ನೂ ಉಜ್ಜಿ ಸವೆಸುತ್ತದೆ. ಟರ್ಬೊ ಇದ್ದರೆ ಅದರ ಗಾಲಿಗೇ ಮೊದಲ ಏಟು. ಅದಕ್ಕೇ ಐಎಸ್‌ಒ 5011 ಮಾನದಂಡದ ಪರೀಕ್ಷೆಯ ಅಂಕಿ ಕೊಟ್ಟಿರುವ ಫಿಲ್ಟರ್‌ಗೆ ಮೊದಲ ಆದ್ಯತೆ ಕೊಡಿ. ಎಷ್ಟು ಧೂಳು ಹಿಡಿಯುತ್ತದೆ, ತುಂಬುವ ಮುಂಚೆ ಎಷ್ಟು ತಾಳುತ್ತದೆ, ಗಾಳಿಯನ್ನು ಎಷ್ಟು ತಡೆಯುತ್ತದೆ ಎಂಬ ಮೂರೂ ಅದರಲ್ಲಿ ಇರುತ್ತವೆ. ‘ಗಾಳಿ ಶೇ 50 ಹೆಚ್ಚು’ ಎಂದಷ್ಟೇ ಬರೆದು ಉಳಿದದ್ದು ಹೇಳದಿದ್ದರೆ ಅನುಮಾನ ಪಡಿ.

ದಿನಾ ಸಂಡೂರು, ಹೊಸಪೇಟೆ ಕಡೆಯ ಅದಿರು ಲಾರಿಗಳ ಹಿಂದೆ ಓಡಿಸುವವರು, ಮಣ್ಣುರಸ್ತೆ ದಾಟಿ ಮನೆ ಸೇರುವವರು ಪೇಪರ್‌ನಲ್ಲೇ ಇರಿ. ನನ್ನ ಸಲಹೆ ಇಷ್ಟೇ. ಸ್ವಲ್ಪ ಧೂಳು ಕೂತ ಮೇಲೆ ಪೇಪರ್ ಇನ್ನೂ ಚೆನ್ನಾಗಿ ಸೋಸುತ್ತದೆ.

ಪ್ಯಾನೆಲ್ ಸಾಕು, ಕೋನ್ ಯಾಕೆ?

ಎರಡು ದಾರಿ ಇವೆ. ಫಿಲ್ಟರ್ ಕೂರುವ ಕಂಪನಿಯ ಪೆಟ್ಟಿಗೆ (ಏರ್‌ಬಾಕ್ಸ್) ಹಾಗೇ ಇಟ್ಟು ಒಳಗಿನ ಚಪ್ಪಟೆ ಪ್ಯಾನೆಲ್ ಮಾತ್ರ ಬದಲಿಸುವುದು ಒಂದು. ಬಾಕ್ಸನ್ನೇ ಕಿತ್ತು ತುತ್ತೂರಿಯಂಥ ಕೋನ್ ಫಿಲ್ಟರ್ ಕೂರಿಸುವುದು ಇನ್ನೊಂದು. ನೋಡೋಕೆ ಕೋನ್ ಚೆಂದ, ಸದ್ದೂ ಜೋರು. ಆದರೆ ಮರೆಯಿಲ್ಲದ ಕೋನ್ ಎಳೆದುಕೊಳ್ಳುವುದು ಎಂಜಿನ್ ಪಕ್ಕದ ಬಿಸಿ ಗಾಳಿಯನ್ನು.

ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ಹೊರಗೆ 35 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಇದ್ದರೆ ಅದೇ ಒಂದು ಲೀಟರ್‌ನಲ್ಲಿ ಸಿಗುವ ಗಾಳಿ ಶೇ 7ರಿಂದ 8 ಕಮ್ಮಿ. ಶೇ 1 ಉಳಿಸಲು ಹೋಗಿ ಶೇ 7 ಕಳೆದುಕೊಂಡ ಹಾಗಾಯಿತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಕಾರಿನ ಬಾನೆಟ್ ಒಳಗೆ 60 ದಾಟುವುದು ದೊಡ್ಡ ಮಾತೇನಲ್ಲ. ಕಂಪನಿಯ ಎಂಜಿನಿಯರ್‌ಗಳು ಗ್ರಿಲ್ ಹಿಂದಿನಿಂದ ತಣ್ಣನೆ ಗಾಳಿ ಬರುವಂತೆ ಕೊಳವೆ ಎಳೆದದ್ದು ಸುಮ್ನೆ ಅಲ್ಲ. ಕೋನ್ ಬೇಕೇ ಬೇಕು ಅಂದರೆ ಸುತ್ತ ಮುಚ್ಚಿದ ಬಾಕ್ಸ್ ಮತ್ತು ಹೊರಗಿನ ಗಾಳಿಯ ಕೊಳವೆ ಎರಡೂ ಇರುವ ಕಿಟ್ ತಗೊಳ್ಳಿ.

ತಣ್ಣನೆ ಗಾಳಿ ಸಿಗಲಿ ಅಂತ ಫಿಲ್ಟರನ್ನು ಬಂಪರ್ ಹತ್ತಿರ ಕೆಳಗೆ ಕೂರಿಸುವ ಕಿಟ್‌ಗಳೂ ಇವೆ. ನಮ್ಮ ಮಳೆಗಾಲಕ್ಕೆ ಅದು ಬೇಡ. ಅಂಡರ್‌ಪಾಸ್‌ನಲ್ಲಿ ಮೊಣಕಾಲು ನೀರು ನಿಂತಿದ್ದರೆ ಫಿಲ್ಟರ್ ನೀರನ್ನೇ ಕುಡಿಯುತ್ತದೆ. ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲು ಆಗದು. ಪಿಸ್ಟನ್ ಅದಕ್ಕೆ ಹೋಗಿ ಗುದ್ದಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಬರುವುದು ಎಂಜಿನ್ ಬಿಚ್ಚುವ ಬಿಲ್ಲು.

ಕೊಳ್ಳುವಾಗ

ಕಾರಿನ ಹೆಸರು ಹೇಳಿ ಕೇಳಬೇಡಿ, ಪಾರ್ಟ್ ನಂಬರ್ ಹೇಳಿ ಕೇಳಿ. ಒಂದೇ ಮಾಡೆಲ್‌ನಲ್ಲಿ ಎಂಜಿನ್ ಬೇರೆಯಾದರೆ ಫಿಲ್ಟರೂ ಬೇರೆಯಾಗಬಹುದು. ಫಿಲ್ಟರ್ ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಎಂಜಿನ್ ಮತ್ತು ವರ್ಷ ಹಾಕಿದರೆ ನಂಬರ್ ಸಿಗುತ್ತದೆ. ಕೆ ಆ್ಯಂಡ್ ಎನ್ ಪ್ಯಾನೆಲ್‌ಗಳ ನಂಬರ್ ಸಾಮಾನ್ಯವಾಗಿ 33ರಿಂದ ಶುರುವಾಗುತ್ತದೆ. ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಆನ್‌ಲೈನ್‌ನಲ್ಲಿ ತರಿಸಿ, ನಿಮ್ಮಿಷ್ಟ. ಅರ್ಧ ಬೆಲೆಗೆ ಸಿಕ್ಕರೆ ಅಂಚಿನ ರಬ್ಬರ್ ನೋಡಿ. ನಕಲಿ ಮಾಲಿನಲ್ಲಿ ಅದು ಗಟ್ಟಿಯಾಗಿಯೋ ಅಂಕುಡೊಂಕಾಗಿಯೋ ಇರುತ್ತದೆ. ಮಡಿಕೆಗಳ ನಡುವಿನ ಅಂತರವೂ ಏರುಪೇರು.

ಎಷ್ಟೇ ಒಳ್ಳೆಯ ಫಿಲ್ಟರ್ ಆಗಲಿ, ಅಂಚಿನಲ್ಲಿ ಕೂದಲೆಳೆ ಸಂದಿ ಇದ್ದರೆ ಗಾಳಿ ಆ ದಾರಿಯನ್ನೇ ಹಿಡಿಯುತ್ತದೆ, ಜೊತೆಗೆ ಧೂಳೂ. ಹೊಸ ಫಿಲ್ಟರ್ ಹಾಕಿದ ಕೆಲವು ದಿನದ ನಂತರ ಮುಚ್ಚಳ ತೆಗೆಯಿರಿ. ರಬ್ಬರ್ ಅಂಚಿನ ಮೇಲೆ ಬಾಕ್ಸಿನ ಗುರುತು ಸುತ್ತಲೂ ಎಲ್ಲೂ ತುಂಡಾಗದೆ ಬಿದ್ದಿರಬೇಕು. ಫಿಲ್ಟರ್ ದಾಟಿದ ಕಡೆಯ ಕೊಳವೆಯ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಪುಡಿ ಹತ್ತಿದರೆ ಆ ಫಿಲ್ಟರ್ ಬೇಡ, ಇಲ್ಲವೇ ಅದು ಸರಿಯಾಗಿ ಕೂತಿಲ್ಲ.

ಹಾಗೇ ಏರ್‌ಬಾಕ್ಸ್ ದಾಟಿದ ಕೊಳವೆಯ ಮೇಲೆ ವೈರ್ ಕನೆಕ್ಟರ್ ಇರುವ ಸಣ್ಣ ಸೆನ್ಸರ್ ಇದೆಯೇ ನೋಡಿ. ಮೆಕ್ಯಾನಿಕ್‌ಗಳು ಮ್ಯಾಫ್ ಎನ್ನುವ ಸೆನ್ಸರ್ ಆಗಿದ್ದರೆ ಅದರೊಳಗೆ ಕಾದ ಸಣ್ಣ ತಂತಿಯೋ ಪದರವೋ ಇರುತ್ತದೆ. ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವುದು ಅದೇ. ಫಿಲ್ಟರ್‌ಗೆ ಎಣ್ಣೆ ಜಾಸ್ತಿಯಾದರೆ ಹನಿಗಳು ಹಾರಿ ಅದರ ಮೇಲೆ ಕೂರುತ್ತವೆ. ಲೆಕ್ಕ ತಪ್ಪುತ್ತದೆ. ನಿಂತಲ್ಲಿ ಎಂಜಿನ್ ತಿರುಗುವ ವೇಗ (ಐಡಲ್) ಏರಿಳಿಯುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ, ಸ್ಕ್ಯಾನರ್‌ನಲ್ಲಿ ಪಿ0101 ಅಥವಾ ಪಿ0171 ಕೋಡ್ ಬರಬಹುದು. ಮ್ಯಾಫ್ ಇರುವ ಕಾರಿಗೆ, ಅದರಲ್ಲೂ ಎಣ್ಣೆ ಹಾಕುವ ತಾಳ್ಮೆ ಇಲ್ಲದವರಿಗೆ, ಒಣ ಫಿಲ್ಟರೇ ವಾಸಿ.

ತೊಳೆಯುವ ಬಗೆ

ಫಿಲ್ಟರ್ ಹಾಳಾಗುವುದು ಹೆಚ್ಚಾಗಿ ತೊಳೆಯುವಾಗಲೇ. ಭಾನುವಾರ ಬೆಳಿಗ್ಗೆ ಶುರು ಮಾಡಿ, ಸೋಮವಾರ ಕಾರು ಬೇಕೇ ಬೇಕಾದರೆ ಹಳೆಯ ಪೇಪರ್ ಫಿಲ್ಟರ್ ಕೈಗೆ ಸಿಗುವಂತಿರಲಿ.

ಎಂಜಿನ್ ತಣ್ಣಗಾದ ಮೇಲೆ ಬಾಕ್ಸ್ ತೆಗೆಯಿರಿ. ಫಿಲ್ಟರ್ ಎತ್ತುವ ಮೊದಲು ಮುಚ್ಚಳದ ಸುತ್ತಲಿನ ಮಣ್ಣು ಒರೆಸಿ, ಇಲ್ಲವಾದರೆ ಅದೇ ಒಳಗೆ ಬೀಳುತ್ತದೆ. ಎಲೆ, ಸತ್ತ ಹುಳ ಎಲ್ಲ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಬಾಕ್ಸಿನ ಬಾಯಿಗೆ ಶುಭ್ರ ಬಟ್ಟೆ ತುರುಕಿಡಿ. ಆಮೇಲೆ ತೆಗೆಯುವುದನ್ನು ಮರೆಯಬೇಡಿ ಮತ್ತೆ!

ಫಿಲ್ಟರ್ ಕಂಪನಿಯದೇ ಕ್ಲೀನರ್ ಎರಡೂ ಬದಿಗೆ ಸಿಂಪಡಿಸಿ ಹತ್ತು ನಿಮಿಷ ಬಿಡಿ. ಅದು ಅಲ್ಲೇ ಒಣಗಬಾರದು. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದೂ ಬೇಡ, ಅಂಚಿನ ರಬ್ಬರನ್ನು ತಿಂದುಬಿಡುತ್ತವೆ. ಆಮೇಲೆ ನಲ್ಲಿಯ ಸಣ್ಣ ಧಾರೆ. ನೀರು ಯಾವಾಗಲೂ ಶುಭ್ರ ಬದಿಯಿಂದ ಕೊಳೆ ಬದಿಗೆ ಹರಿಯಬೇಕು. ಉಲ್ಟಾ ಹಿಡಿದರೆ ಹೊರಗಿದ್ದ ಕೊಳೆಯನ್ನು ನೀವೇ ಒಳಗೆ ತಳ್ಳಿದಂತೆ. ಪ್ರೆಶರ್ ವಾಷರ್ ಹತ್ತಿರವೂ ಸುಳಿಯದಿರಲಿ. ಕೆಂಪು ಮಣ್ಣಿನ ನೀರು ತಿಳಿಯಾಗುವವರೆಗೆ ಇದೇ ಕೆಲಸ.

ನೀರು ಝಾಡಿಸಿ, ಗಾಳಿ ಆಡುವ ನೆರಳಲ್ಲಿ ನಿಲ್ಲಿಸಿ. ಹೇರ್ ಡ್ರೈಯರ್ ಬೇಡ, ಕಂಪ್ರೆಸರ್ ಬೇಡ. ಮಲೆನಾಡಿನ ಜುಲೈನಲ್ಲಾದರೆ ಇದಕ್ಕೆ ದಿನಗಳೇ ಹಿಡಿಯಬಹುದು. ಮಡಿಕೆಯ ತಳಕ್ಕೆ ಟಿಶ್ಯೂ ಒತ್ತಿ ನೋಡಿ, ಒದ್ದೆ ಹತ್ತಿದರೆ ಇನ್ನೂ ಕಾಯಿರಿ. ಹಸಿ ಬಟ್ಟೆಗೆ ಎಣ್ಣೆ ಹಿಡಿಯುವುದಿಲ್ಲ.

ಪೂರ್ತಿ ಒಣಗಿದ ಮೇಲೆ ಎಣ್ಣೆ. ಎಂಜಿನ್ ಆಯಿಲ್ ಅಲ್ಲ, ಫಿಲ್ಟರ್ ಎಣ್ಣೆಯೇ ಬೇಕು. ಒಂದೊಂದು ಮಡಿಕೆಯ ನೆತ್ತಿಯ ಉದ್ದಕ್ಕೂ ಒಂದೇ ಸಲ ಸ್ಪ್ರೇ ಎಳೆಯಿರಿ. ಕೈ ನಿಲ್ಲಿಸಬೇಡಿ, ನಿಂತಲ್ಲಿ ಗುಡ್ಡೆಯಾಗುತ್ತದೆ. 20 ನಿಮಿಷ ಬಿಟ್ಟರೆ ಎಣ್ಣೆಯ ಕೆಂಪು ಬಣ್ಣ ತಾನಾಗಿ ಹರಡುತ್ತದೆ. ಬಿಳಿಚಿದ ಜಾಗ ಕಂಡಲ್ಲಿ ಮಾತ್ರ ಇನ್ನೊಂದು ಚೂರು. ಎರಡೂ ಕಡೆ ಒಂದೇ ಹದದ ಕೆಂಪು ಕಂಡರೆ ಮುಗಿಯಿತು. ಆಮೇಲೆ ರಾತ್ರಿಯಿಡೀ ಹಳೆಯ ನ್ಯೂಸ್‌ಪೇಪರ್ ಮೇಲೆ ಇಡಿ. ಬೆಳಿಗ್ಗೆ ಪೇಪರ್ ಮೇಲೆ ಎಣ್ಣೆಯ ಕಲೆ ದಟ್ಟವಾಗಿ ಬಿದ್ದಿದ್ದರೆ ಜಾಸ್ತಿಯಾಗಿದೆ ಎಂದೇ ಲೆಕ್ಕ. ಟಿಶ್ಯೂ ಒತ್ತಿ ಒತ್ತಿ ತೆಗೆಯಿರಿ. ಒಣ ಫಿಲ್ಟರ್ ಆದರೆ ಈ ಎಣ್ಣೆಯ ಪುರಾಣವೇ ಇಲ್ಲ. ಅದಕ್ಕೆ ತಪ್ಪಿಯೂ ಎಣ್ಣೆ ಹಾಕಬಾರದು.

ಇಷ್ಟಾದರೂ ಮ್ಯಾಫ್ ಕೊಳೆಯಾದರೆ ಅದಕ್ಕೆಂದೇ ಸಿಗುವ ಮ್ಯಾಫ್ ಕ್ಲೀನರ್ ಸ್ಪ್ರೇ ಮಾತ್ರ ಬಳಸಿ. ಕಾರ್ಬ್ಯುರೇಟರ್ ಕ್ಲೀನರ್ ಹೊಡೆಯಬೇಡಿ. ತಂತಿಗೆ ಬೆರಳೋ ಇಯರ್‌ಬಡ್ಡೋ ತಾಗಬಾರದು. ಪೂರ್ತಿ ಆರಿದ ಮೇಲೆ ಜೋಡಿಸಿ.

ಎಷ್ಟು ದಿನಕ್ಕೊಮ್ಮೆ?

ಕೆ ಆ್ಯಂಡ್ ಎನ್ ಡಬ್ಬಿಯ ಮೇಲಿನ 50,000 ಮೈಲಿ ಎಂಬ ಮಾತು ಅಮೆರಿಕದ ಹೆದ್ದಾರಿಗೆ. ಇಲ್ಲಿ ಕಿಲೋಮೀಟರ್ ಎಣಿಸುವ ಬದಲು ಜಾಲರಿ ನೋಡಿ. ಕೊಳೆ ಬದಿಯಲ್ಲಿ ಅಲ್ಯೂಮಿನಿಯಂ ತಂತಿ ಕಾಣದಷ್ಟು ಧೂಳು ಮುಚ್ಚಿದ್ದರೆ ತೊಳೆಯುವ ಹೊತ್ತು ಬಂದಿದೆ. ಪ್ರತಿ ಆಯಿಲ್ ಸರ್ವಿಸ್‌ನಲ್ಲಿ ಒಮ್ಮೆ ಇಣುಕಿದರೆ ಸಾಕು. ಸುಮ್ನೆ ಪದೇ ಪದೇ ತೊಳೆಯುವುದೂ ತಪ್ಪು. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ರ‍್ಯಾಲಿ ಓಡಿಸುವವರ ಲೆಕ್ಕವೇ ಬೇರೆ. ಅಷ್ಟು ಧೂಳು ತಿಂದ ಫಿಲ್ಟರನ್ನು ರ‍್ಯಾಲಿ ಮುಗಿದ ಕೂಡಲೇ ನೋಡಬೇಕು.

ಕಾರು ಸರ್ವಿಸ್‌ಗೆ ಬಿಡುವಾಗ ಒಂದು ಮಾತು ಜಾಬ್ ಕಾರ್ಡ್‌ನಲ್ಲೇ ಬರೆಸಿ: ‘ಏರ್ ಫಿಲ್ಟರ್ ಮುಟ್ಟಬೇಡಿ’. ಫಿಲ್ಟರನ್ನು ನೆಲಕ್ಕೆ ನಾಲ್ಕು ಬಾರಿ ಕುಟ್ಟಿ, ಕಂಪ್ರೆಸರ್‌ನಿಂದ ಗಾಳಿ ಹೊಡೆದು ವಾಪಸ್ ಹಾಕುವುದು ನಮ್ಮ ಬಹುತೇಕ ಗ್ಯಾರೇಜ್‌ಗಳ ಅಭ್ಯಾಸ. ಪೇಪರ್‌ಗೂ ಅದು ಒಳ್ಳೆಯದಲ್ಲ. ಹತ್ತಿಯದಾದರೆ ಎಳೆಗಳು ಸರಿದು ತೂತಾಗುತ್ತವೆ. ಅನುಮಾನ ಬಂದರೆ ಫಿಲ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲ್ಲ ಕಡೆ ಮಂಕಾದ ಬೆಳಕಿದ್ದು, ಒಂದು ಕಡೆ ಮಾತ್ರ ಸೂಜಿಮೊನೆಯಷ್ಟು ಬೆಳಕು ಚುಚ್ಚಿದಂತೆ ಕಂಡರೂ ಅದನ್ನು ಮತ್ತೆ ಹಾಕಬೇಡಿ, ಹೊಸದು ತನ್ನಿ.