ನನ್ನ ಕವಿತೆಗಳನ್ನು ಎಐಗೆ ಓದಿಸಿದೆ

ಸ್ವಂತ ಖರ್ಚಿನಲ್ಲಿ ಕವನ ಸಂಕಲನ ತಂದವರಿಗೆ ಇದು ಗೊತ್ತಿರುತ್ತದೆ. ಪುಸ್ತಕ ಕೈಗೆ ಕೊಟ್ಟರೆ ಜನ ಮೊದಲು ಮುಖಪುಟ ಹೊಗಳುತ್ತಾರೆ. ಆಮೇಲೆ "ಚೆನ್ನಾಗಿದೆ, ಹೀಗೇ ಬರೀತಾ ಇರಿ" ಅನ್ನುತ್ತಾರೆ. ವಿಮರ್ಶೆ ಅಲ್ಲಿಗೆ ಮುಗಿಯಿತು. ಪ್ರಕಾಶಕರ ಮೂಲಕ ಬಂದಿದ್ದರೆ ಯಾರಾದರೂ ಒಬ್ಬರು ಪೆನ್ಸಿಲ್ ಹಿಡಿದು ಓದಿರುತ್ತಿದ್ದರೇನೋ. ನನ್ನದಕ್ಕೆ ಬರೆದವಳೂ ನಾನೇ, ಆರಿಸಿದವಳೂ ನಾನೇ, ಕರಡು ತಿದ್ದಿದವಳೂ ನಾನೇ. ಎರಡನೇ ಮುದ್ರಣದ ಯೋಚನೆ ಬಂದಾಗ ಎಐಗೆ ಓದಿಸಿ ನೋಡೋಣ ಅನ್ನಿಸಿತು.

ಮೊದಲ ತೊಡಕು ಕವಿತೆಯದ್ದಲ್ಲ, ಫಾಂಟಿನದ್ದು. ಡಿಟಿಪಿ ಫೈಲು ಹಳೆಯ ನುಡಿ ಫಾಂಟಿನಲ್ಲಿತ್ತು. ಅದನ್ನು ಕಾಪಿ ಮಾಡಿ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡಿಗೆ, ಅಂದರೆ ಮೊಬೈಲು, ಅಂತರ್ಜಾಲದಲ್ಲೆಲ್ಲ ಕನ್ನಡವಾಗಿಯೇ ಕಾಣುವ ರೂಪಕ್ಕೆ ಬದಲಾಯಿಸಿಕೊಳ್ಳಲೇಬೇಕು. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ. ಇಲ್ಲದಿದ್ದರೆ ಫಾಂಟಿನ ತಪ್ಪನ್ನೂ ಎಐ ನಿಮ್ಮ ಪ್ರಯೋಗ ಅಂತ ಹೊಗಳೀತು! ಪ್ರಕಟವಾಗದ ಕವಿತೆಗಳಿದ್ದರೆ ಇನ್ನೊಂದು ವಿಷಯವನ್ನೂ ನೋಡಿಕೊಳ್ಳಿ. ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಕಂಟ್ರೋಲ್ಸ್ ಅಂತ ಒಂದು ಭಾಗ ಇದೆ. ನಾವು ಬರೆದದ್ದನ್ನು ಎಐಯ ತರಬೇತಿಗೆ ಬಳಸಬಾರದು ಅಂತಿದ್ದರೆ ಅಲ್ಲಿ ಆಫ್ ಮಾಡಬಹುದು.

ಹೊಗಳಿಕೆಯ ವಿಷಯಕ್ಕೆ ಬರುತ್ತೇನೆ. "ಇದು ನನ್ನ ಕವಿತೆ, ಹೇಗಿದೆ?" ಅಂತ ಕೇಳಿದರೆ ಸಾಕು, ಸನ್ಮಾನ ಸಮಾರಂಭ ಶುರುವಾಗುತ್ತದೆ. "ಆಳವಾದ ಸಂವೇದನೆ", "ಮನಮುಟ್ಟುವ ರೂಪಕ" ಇತ್ಯಾದಿ. ಇದಕ್ಕೊಂದು ಕಾರಣ ಇದೆ. ಇಂಥ ಎಐ ಮಾದರಿಗಳನ್ನು (ಮಾಡೆಲ್) ಪಳಗಿಸುವಾಗ ಯಾವ ಉತ್ತರ ಇಷ್ಟವಾಯಿತು ಅಂತ ಮನುಷ್ಯರನ್ನೇ ಕೇಳುತ್ತಾರೆ. ನಮಗೆ ಇಷ್ಟವಾಗೋದು ಹಿತವಾದ ಮಾತೇ ಅಲ್ವಾ? 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತನ್ನ ಜಿಪಿಟಿ-4ಒ ಮಾದರಿಯ ಒಂದು ಅಪ್‌ಡೇಟನ್ನು ವಾಪಸ್ ತೆಗೆದುಕೊಂಡಿತು. ಅತಿಯಾಗಿ ಹೊಗಳುತ್ತದೆ ಅನ್ನುವುದೇ ಕಾರಣ.

ಅದಕ್ಕೆ ಕೇಳುವ ರೀತಿ ಬದಲಿಸಿದೆ. ಅದೇ ಕವಿತೆಯನ್ನು ಹೊಸ ಚಾಟ್‌ನಲ್ಲಿ ಹಾಕಿ, "ಇದು ಆಯ್ಕೆಗೆ ಬಂದ ಕವಿತೆ, ತಿರಸ್ಕರಿಸಲು ಕಾರಣ ಹೇಳು" ಅಂದೆ. ಈಗ ಭಾಷೆ ಸವಕಲು, ರೂಪಕ ಹಳತು, ಕೊನೆ ಸಪ್ಪೆ. ಮೊದಲು ಹೊಗಳಿದ್ದ ಸಾಲನ್ನೇ ಈಗ ತೆಗೆಯಬೇಕಂತೆ. ಕೆಲವರು ಈ ಬೈಗುಳವೇ ನಿಜವಾದ ವಿಮರ್ಶೆ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಕೇಳಿದವರ ಧಾಟಿಗೆ ತಕ್ಕ ಹಾಗೆ ಎರಡೂ ಬರುತ್ತವೆ. ಅಲ್ಲಿಂದ ಮುಂದೆ ಚೆನ್ನಾಗಿದೆಯಾ ಇಲ್ಲವಾ ಅಂತ ಕೇಳೋದನ್ನೇ ಬಿಟ್ಟೆ.

ಬದಲಿಗೆ ಕೇಳಿದ್ದು ಇಷ್ಟೇ: "ಈ ಕವಿತೆಯಲ್ಲಿ ಯಾರು ಯಾರಿಗೆ ಮಾತಾಡುತ್ತಿದ್ದಾರೆ? ಏನಾಗಿದೆ? ಯಾವ ಸಾಲಿನಿಂದ ಹಾಗನ್ನಿಸಿತು? ಆ ಸಾಲನ್ನು ಹಾಗೇ ಎತ್ತಿ ಬರೆ." ಇದರಿಂದ ನಿಜಕ್ಕೂ ಉಪಯೋಗವಾಯಿತು. ಸಂಕಲನದ ಒಂದು ಕವಿತೆ ಹೀಗೆ ಶುರುವಾಗುತ್ತಿತ್ತು:

ನೀನು ಬಿಟ್ಟು ಹೋದ ಬಾಚಣಿಗೆಯಲ್ಲಿ
ಎರಡು ಕೂದಲು ಉಳಿದಿವೆ
ತೆಗೆಯಲು ಮನಸ್ಸು ಬಾರದು

ದೂರವಾದ ಪ್ರೇಮಿಯ ನೆನಪು ಅಂತ ಎಐ ಹೇಳಿತು. ನಾನು ಬರೆದದ್ದು ಹಾಸ್ಟೆಲ್‌ಗೆ ಹೋದ ಮಗಳ ಬಗ್ಗೆ. ಪುಸ್ತಕ ಓದಿದ ನನ್ನ ಗೆಳತಿಯರಿಗೆ ಯಾವ ಅನುಮಾನವೂ ಬಂದಿರಲಿಲ್ಲ, ಯಾಕೆಂದರೆ ಅವರಿಗೆ ನನ್ನ ಮನೆ ಗೊತ್ತು, ಮಗಳು ಗೊತ್ತು. ಕವಿತೆಯಲ್ಲಿ ಇಲ್ಲದ್ದನ್ನು ಅವರೇ ತುಂಬಿಕೊಂಡು ಓದಿದ್ದರು. ಎಐಗೆ ನನ್ನ ಸಂಸಾರ ಗೊತ್ತಿಲ್ಲ. ಅದರ ಮುಂದೆ ಇದ್ದದ್ದು ಕಾಗದದ ಮೇಲಿನ ಅಕ್ಷರ ಮಾತ್ರ. ಪುಸ್ತಕ ಕೊಳ್ಳುವ ಅಪರಿಚಿತ ಓದುಗನ ಸ್ಥಿತಿಯೂ ಅದೇ. ಮೊದಲ ಸಾಲನ್ನು "ನಿನಗೆ ಜಡೆ ಹಾಕುತ್ತಿದ್ದ ಬಾಚಣಿಗೆಯಲ್ಲಿ" ಅಂತ ಮಾಡಿದೆ. ಹೊಸ ಚಾಟ್‌ನಲ್ಲಿ ಹಾಕಿ ಕೇಳಿದಾಗ ಅದು ತಾಯಿ ಮಗಳು ಅಂತಲೇ ಓದಿತು.

ಎಲ್ಲ ಕಡೆ ಹೀಗೆ ಬಿಡಿಸಿ ಹೇಳಬೇಕು ಅಂತಲ್ಲ. ಇನ್ನೊಂದು ಕವಿತೆಯಲ್ಲಿ ಮಾತಾಡುವವರು ಬದುಕಿದ್ದಾರೋ ಇಲ್ಲವೋ ಅದಕ್ಕೆ ತಿಳಿಯಲಿಲ್ಲ. ತಿಳಿಯಬಾರದು ಅಂತಲೇ ಬರೆದದ್ದು. ಹಾಗೇ ಬಿಟ್ಟೆ.

ಇಡೀ ಸಂಕಲನವನ್ನು ಒಟ್ಟಿಗೆ ಸುರಿಯಬೇಡಿ. ಹಾಗೆ ಮಾಡಿದಾಗ ನಡುವಿನ ಕವಿತೆಗಳ ಬಗ್ಗೆ ತೇಲಿಸಿ ಮಾತಾಡಿತು. ನನ್ನ ಪುಸ್ತಕದಲ್ಲೇ ಇಲ್ಲದ ಒಂದು ಸಾಲನ್ನು ನನ್ನದೇ ಅಂತ ಮೆಚ್ಚಿಕೊಂಡಿತು. ಸುಮ್ನೆ ಹೇಳಬಾರದು, ಸಾಲು ಕೆಟ್ಟದಾಗೇನೂ ಇರಲಿಲ್ಲ. ಆಮೇಲೆ ಒಂದೊಂದೇ ಕವಿತೆ ಕೊಟ್ಟೆ. ಅದು ಎತ್ತಿ ತೋರಿಸಿದ ಪ್ರತಿ ಸಾಲನ್ನೂ ಫೈಲಿನಲ್ಲಿ ಹುಡುಕಿ ಖಾತ್ರಿ ಮಾಡಿಕೊಂಡೆ.

ಛಂದಸ್ಸಿನ ವಿಷಯದಲ್ಲಂತೂ ಅದನ್ನು ನಂಬುವ ಹಾಗೇ ಇಲ್ಲ. ಸಂಕಲನದಲ್ಲಿ ಭಾಮಿನಿ ಷಟ್ಪದಿಯ ಧಾಟಿಯ ಒಂದು ಕವಿತೆ ಇದೆ. ಅದರ 1, 2, 4, 5ನೇ ಸಾಲಿಗೆ 14 ಮಾತ್ರೆ ಬರಬೇಕು, ಮೂರು ನಾಲ್ಕು, ಮೂರು ನಾಲ್ಕು ಅಂತ. ನನ್ನ ಸಾಲು "ಮಳೆಯ ರಾತ್ರಿಯ ಕಿಟಕಿಯಾಚೆಗೆ". ಮಳೆಯ ಮೂರು, ರಾತ್ರಿಯ ನಾಲ್ಕು, ಕಿಟಕಿ ಮೂರು, ಯಾಚೆಗೆ ನಾಲ್ಕು. ಸರಿಯಾಗಿ 14. ಎಐ ಮಾತ್ರ 12 ಅಂದಿತು, ಎರಡು ಮಾತ್ರೆ ಕಮ್ಮಿ ಇದೆ, ಸೇರಿಸಿಕೊಡಲಾ ಅಂತಲೂ ಕೇಳಿತು. ಅದು ಅಕ್ಷರ ಎಣಿಸಿತ್ತು. "ರಾ", "ಯಾ" ಎರಡೂ ಗುರು, ಒಂದೊಂದಕ್ಕೂ ಎರಡು ಮಾತ್ರೆ ಅನ್ನೋದನ್ನು ಬಿಟ್ಟಿತ್ತು. ಇಂಥ ಮಾದರಿಗಳು ಪಠ್ಯವನ್ನು ಟೋಕನ್ ಅನ್ನುವ ತುಂಡುಗಳಾಗಿ ಒಡೆದುಕೊಂಡು ಓದುತ್ತವೆ. ನಾವು ಬಾಯಲ್ಲಿ ಹೇಳಿಕೊಳ್ಳುವ ಲಘು ಗುರುಗಳಿಗೂ ಆ ತುಂಡುಗಳಿಗೂ ಸಂಬಂಧ ಇರುವುದಿಲ್ಲ. ಪ್ರಾಸ ಹುಡುಕು ಅಂದರೂ ಸಾಲಿನ ಕೊನೆಯನ್ನೇ ನೋಡುತ್ತದೆ. ಆದಿಪ್ರಾಸ, ಅಂದರೆ ಸಾಲುಗಳ ಎರಡನೇ ಅಕ್ಷರ ಹೊಂದುವ ಪ್ರಾಸ ಅಂತ ಹೇಳಿಕೊಟ್ಟರೂ ಎರಡು ಸಾಲು ದಾಟುವಷ್ಟರಲ್ಲಿ ಎಡವುತ್ತದೆ. ಛಂದಸ್ಸು ಗೊತ್ತಿರುವವರು ಬೆರಳು ಮಡಚಿ ಎಣಿಸೋದೇ ಒಳ್ಳೆಯದು.

ಚಟದ ಪದಗಳನ್ನು ಹಿಡಿಯೋದರಲ್ಲಿ ಮಾತ್ರ ಜೋರಾಗಿದೆ. ನನ್ನಲ್ಲಿ "ನೆರಳು" ಜಾಸ್ತಿ ಅಂತ ಅದು ಹೇಳಿದ ಮೇಲೆ ಗೊತ್ತಾಯಿತು. ನೆರಳಿಗೆ, ನೆರಳಲ್ಲೇ, ನೆರಳಾಗಿ ಎಲ್ಲ ಒಂದೇ ಅಂತ ಅದಕ್ಕೆ ತಿಳಿಯುತ್ತದೆ. ಎಷ್ಟು ಸಲ ಅನ್ನುವ ಲೆಕ್ಕವನ್ನು ಮಾತ್ರ ನಂಬದೆ ನಾನೇ ತೆಗೆದೆ. "ನೆರಳು" ಅಂತ ಪೂರ್ತಿ ಹಾಕಿದರೆ ವಿಭಕ್ತಿ ಸೇರಿದ ರೂಪಗಳು ಸಿಗುವುದಿಲ್ಲ, "ನೆರಳ" ಅಂತ ಹುಡುಕಬೇಕು. ಅರ್ಧಕ್ಕಿಂತ ಜಾಸ್ತಿ ನೆರಳು ಈಗ ಹೋಗಿವೆ. ಕೆಲವು ಕಡೆ ಅದರ ಜಾಗದಲ್ಲಿ ಏನೂ ಬೇಕಾಗಲಿಲ್ಲ.

ತಿದ್ದಿ ಕೊಡು ಅಂತ ಒಮ್ಮೆಯೂ ಕೇಳಲಿಲ್ಲ. ಕೇಳದೆಯೇ ಕೊಡುತ್ತದೆ ಅನ್ನಿ. ಬಾಚಣಿಗೆ ಕವಿತೆಗೆ "ಮೌನದ ಕಡಲಲ್ಲಿ ನೆನಪಿನ ಅಲೆ" ಅಂತ ಕೊನೆಯ ಸಾಲು ಸೂಚಿಸಿತು. ಎಷ್ಟು ಸಾವಿರ ಕವಿತೆಗಳಲ್ಲಿ ಓದಿದೆವಪ್ಪ ಇದನ್ನು! "ಹೊಸ ಸಾಲು ಬರೆಯಬೇಡ, ಪ್ರಶ್ನೆ ಮಾತ್ರ ಕೇಳು" ಅಂತ ಪ್ರತಿ ಚಾಟ್‌ನ ತಲೆಯಲ್ಲೇ ಬರೆದಿಟ್ಟ ಮೇಲೆ ಸ್ವಲ್ಪ ಸುಮ್ಮನಾಯಿತು.

ಆ ಮಾತುಕತೆಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಎಐ ಬಳಸಿದ್ದೀರಾ ಅಂತ ಪತ್ರಿಕೆಯವರೋ ಸ್ಪರ್ಧೆಯವರೋ ಕೇಳಿದರೆ, ಅದು ಏನು ಕೇಳಿತು, ನಾನು ಏನು ಬದಲಿಸಿದೆ ಅಂತ ತೋರಿಸಬಹುದು. ಎರಡನೇ ಮುದ್ರಣದ ಕರಡು ಈಗ ಮನುಷ್ಯರ ಕೈಗೆ ಹೋಗಿದೆ. ಈ ಸಲ ನನ್ನ ಮನೆಯ ಸುದ್ದಿ ಗೊತ್ತಿಲ್ಲದ ಒಬ್ಬರನ್ನೇ ಹುಡುಕಿ ಕೊಟ್ಟಿದ್ದೇನೆ.