ಫೀಸು ತಾವೇ ಕಟ್ಟಿಕೊಂಡು ಆಡಲು ಬರುವ ಹುಡುಗರು

ತಿಪಟೂರಿನಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ ನನ್ನ ಕೆಲಸದ ಬಗ್ಗೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಫೀಸು ಅವ್ರೇ ಕಟ್ಕೋಬೇಕು, ಆಡೋಕೆ ಚಾನ್ಸ್ ಸಿಗುತ್ತೋ ಇಲ್ವೋ ಅದೂ ಗೊತ್ತಿಲ್ಲ. ಅಂದ್ಮೇಲೆ ಆ ಹುಡುಗ್ರು ಯಾಕಪ್ಪಾ ಬರ್ತಾರೆ?"

2016ರಲ್ಲಿ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್. ಮಾಡಲು ಅಮೆರಿಕದ ಬಯಲುಸೀಮೆಗೆ, ನೆಬ್ರಾಸ್ಕಾ ಮತ್ತು ಕ್ಯಾನ್ಸಸ್ ಕಡೆಯ ಒಂದು ವಿಶ್ವವಿದ್ಯಾಲಯಕ್ಕೆ ಬಂದೆ. ಮರುವರ್ಷ ಅಲ್ಲಿನ ಫುಟ್ಬಾಲ್ ಆಫೀಸಿನಲ್ಲಿ ವಾರಕ್ಕೆ 20 ಗಂಟೆಯ ವಿದ್ಯಾರ್ಥಿ ಕೆಲಸ ಸಿಕ್ಕಿತು. ಹೆಲ್ಮೆಟ್, ಪ್ಯಾಡ್ ತೊಟ್ಟು ಎದುರೆದುರು ನುಗ್ಗುವ ಅಮೆರಿಕನ್ ಫುಟ್ಬಾಲ್ ಅದು. ಮೊದಲ ಆರು ತಿಂಗಳು ಎಕ್ಸೆಲ್ ಶೀಟಿನಲ್ಲಿ ಹುಡುಗರ ಎತ್ತರ, ತೂಕ, ಓಟದ ಸಮಯ ತುಂಬಿಸಿದ್ದೇ ಬಂತು, ಆಟ ಅರ್ಥವಾಗುತ್ತಿರಲಿಲ್ಲ. ಓದು ಮುಗಿದ ಮೇಲೆ ಹೊಸ ಆಟಗಾರರನ್ನು ಹುಡುಕಿ ತರುವ ರಿಕ್ರೂಟಿಂಗ್ ವಿಭಾಗದಲ್ಲೇ ಉಳಿದೆ. ವಾಕ್-ಆನ್ ಹುಡುಗರನ್ನು ಹುಡುಕುವ ಜವಾಬ್ದಾರಿ ನನ್ನ ಮೇಲೆ ಬಿತ್ತು.

ವಾಕ್-ಆನ್ ಅಂದರೆ ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರುವವನು. ಆಗಿನ ನಿಯಮದಲ್ಲಿ ಮೇಲಿನ ಹಂತದ ಕಾಲೇಜು ತಂಡಕ್ಕೆ 85 ಸ್ಕಾಲರ್‌ಶಿಪ್. ಅದನ್ನು ಅರ್ಧ, ಕಾಲು ಅಂತ ಒಡೆದು ಹಂಚುವಂತಿರಲಿಲ್ಲ. ಕೊಟ್ಟರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಆದರೆ ಅಭ್ಯಾಸ ನಡೆಸಲು 85 ಜನ ಸಾಲುವುದಿಲ್ಲ. ಮುಂದಿನ ಶನಿವಾರದ ಎದುರಾಳಿಯ ಆಟವನ್ನು ವಾರವಿಡೀ ಅನುಕರಿಸಿ ತೋರಿಸುವ ಸ್ಕೌಟ್ ಟೀಮ್ ಬೇಕು. ಅಲ್ಲಿ ಬೆಳಿಗ್ಗೆಯಿಂದ ಪೆಟ್ಟು ತಿನ್ನುವವರಲ್ಲಿ ಹೆಚ್ಚಿನವರು ವಾಕ್-ಆನ್ ಹುಡುಗರು. ಅವರಲ್ಲೂ ಎರಡು ಬಗೆ. ಕಾಲೇಜು ಶುರುವಾದ ಮೇಲೆ ಬಯಲಿಗೆ ಬಂದು ಟ್ರೈಔಟ್ ಕೊಡುವವರು ಕೆಲವರು. ಹೈಸ್ಕೂಲಿನಲ್ಲಿರುವಾಗಲೇ ನಾವು ಹೋಗಿ "ನಿನಗೆ ಜಾಗ ಇದೆ, ದುಡ್ಡಿಲ್ಲ" ಎಂದು ಕರೆದುಕೊಂಡು ಬರುವವರು ಪ್ರಿಫರ್ಡ್ ವಾಕ್-ಆನ್‌ಗಳು. ನನ್ನ ಕೆಲಸ ಈ ಎರಡನೆಯವರದು.

ಈ ಸೀಮೆಯಲ್ಲಿ ಇದು ಹಳೆಯ ಪದ್ಧತಿ. 1962ರಲ್ಲಿ ನೆಬ್ರಾಸ್ಕಾಕ್ಕೆ ಬಂದ ಬಾಬ್ ಡೆವೆನಿ, ಅವರ ನಂತರ 1973ರಿಂದ 1997ರವರೆಗೆ ತಂಡ ನಡೆಸಿದ ಟಾಮ್ ಓಸ್ಬೋರ್ನ್, ಇಬ್ಬರೂ ರಾಜ್ಯದ ಸಣ್ಣ ಊರುಗಳ ರೈತರ ಮಕ್ಕಳನ್ನು ವಾಕ್-ಆನ್ ಆಗಿ ತಂದು ತಂಡ ಕಟ್ಟಿದವರು. ಹಾಗಾಗಿ ಜೋಳದ ಹೊಲದ ನಡುವಿನ ಮನೆಯಲ್ಲೂ ಆ ಪದ ಗೊತ್ತು. ಅದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ.

ನಾನು ಹುಡುಕುತ್ತಿದ್ದದ್ದು ಆ ಸಣ್ಣ ಊರುಗಳಲ್ಲೇ. ಮಕ್ಕಳು ಕಡಿಮೆ ಇರುವ ಅಲ್ಲಿನ ಹೈಸ್ಕೂಲುಗಳಲ್ಲಿ 11 ಜನರ ಬದಲು ಎಂಟೇ ಜನ ಆಡುತ್ತಾರೆ. ನಮ್ಮ ಮೈದಾನದ ಅಗಲ 53 ಗಜಕ್ಕೆ ಸ್ವಲ್ಪ ಹೆಚ್ಚು, ಎಂಟು ಜನರದ್ದು 40 ಗಜ. ಅಲ್ಲಿ ಓಡಲು ಸಂದು ಬೇಗ ಸಿಗುತ್ತದೆ, ಒಬ್ಬನೇ ಹುಡುಗ ಒಂದು ಮ್ಯಾಚಿನಲ್ಲಿ ಐದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲಿನ ಗೆರೆ ದಾಟಿಸುವುದು) ಹೊಡೆದಿರುತ್ತಾನೆ. ದೊಡ್ಡ ತಂಡಗಳ ಅನೇಕರು ಅದನ್ನು ನೋಡಿ "ಇದು ಲೆಕ್ಕಕ್ಕಿಲ್ಲ" ಎಂದು ವಿಡಿಯೊ ಮುಚ್ಚುತ್ತಾರೆ. ನನಗೆ ಅಲ್ಲೇ ಒಳ್ಳೆಯ ಹುಡುಗರು ಸಿಕ್ಕಿದ್ದು, ಆದರೆ ಟಚ್‌ಡೌನ್ ನೋಡಿ ಸಿಕ್ಕಿದ್ದಲ್ಲ.

ಹಡಲ್ ಎಂಬ ತಾಣದಲ್ಲಿ ಪ್ರತಿ ಹುಡುಗನ ಹೈಲೈಟ್ ವಿಡಿಯೊ ಇರುತ್ತದೆ. ಅದರಲ್ಲಿ ಅವನು ಸೋತ ಕ್ಷಣ ಒಂದೂ ಇರುವುದಿಲ್ಲ. ಹಾಗಾಗಿ ಅವರ ಕೋಚ್ ಹತ್ತಿರ ಎರಡು ಪೂರ್ತಿ ಮ್ಯಾಚು ಕೇಳುತ್ತಿದ್ದೆವು, ಅದರಲ್ಲಿ ಒಂದು ಸೋತ ಮ್ಯಾಚೇ ಆಗಿರಬೇಕು. ನನ್ನ ಕಣ್ಣು ಚೆಂಡಿನ ಮೇಲೆ ಇರುತ್ತಿರಲಿಲ್ಲ. ಚೆಂಡು ಆ ತುದಿಗೆ ಹೋದಾಗ ಈ ತುದಿಯ ಹುಡುಗ ಏನು ಮಾಡುತ್ತಾನೆ? ನಾಲ್ಕನೇ ಕ್ವಾರ್ಟರಿನಲ್ಲಿ 30 ಪಾಯಿಂಟ್ ಹಿಂದಿದ್ದಾಗ ಕಿಕ್ಆಫ್‌ಗೆ ಹೇಗೆ ಓಡುತ್ತಾನೆ? ಸ್ಕೌಟ್ ಟೀಮಿನಲ್ಲಿ ಮೂರು ವರ್ಷ ತಾಳಿಕೊಳ್ಳುವವನ ಗುರುತು ಅಲ್ಲಿದೆ.

ಎತ್ತರ, ತೂಕದ ಲೆಕ್ಕವನ್ನಂತೂ ನಂಬುತ್ತಿರಲಿಲ್ಲ. ಶಾಲೆಯ ಪಟ್ಟಿಯಲ್ಲಿ ಆರಡಿ ಎರಡಂಗುಲ ಇದ್ದವನು ಜೂನ್ ಕ್ಯಾಂಪಿನಲ್ಲಿ ಶೂ ಬಿಚ್ಚಿ ಗೋಡೆಗೆ ನಿಂತರೆ ಆರಡಿಯೂ ಇರುತ್ತಿರಲಿಲ್ಲ. ನಾನು ಹೆಚ್ಚು ನಂಬಿದ್ದು ಬೇರೆ ಆಟಗಳ ದಾಖಲೆ. ಟ್ರ್ಯಾಕ್ ಕೂಟದ 100 ಮೀಟರ್ ಸಮಯ, ಗುಂಡು ಎಸೆತದ ದೂರ, ಕುಸ್ತಿಯಲ್ಲಿ ಎಷ್ಟು ತೂಕದ ವಿಭಾಗ. ಅಳೆಯುವವರು ಬೇರೆಯವರಾದ್ದರಿಂದ ಅಲ್ಲಿ ಕೋಚಿನ ಪ್ರೀತಿ ಸೇರುವುದಿಲ್ಲ.

ನಿಯಮದ ಪ್ರಕಾರ ಹುಡುಗನ ಮನೆಗೂ ಶಾಲೆಗೂ ಹೋಗುವವರು ಕೋಚ್‌ಗಳು. ನನ್ನಂಥವರು ಕ್ಯಾಂಪಸ್ಸಿಗೆ ಬಂದ ಮನೆಯವರೊಂದಿಗೆ ಕೂತು ಮಾತಾಡಬಹುದು. 2019ರ ಜನವರಿಯಲ್ಲಿ ಒಬ್ಬ ಲಾಂಗ್ ಸ್ನ್ಯಾಪರ್ ಬಂದಿದ್ದ. ಬಗ್ಗಿ ನಿಂತು, ಕಾಲುಗಳ ಸಂದಿನಿಂದ ತಲೆಕೆಳಗಾಗಿ ನೋಡುತ್ತಾ, 15 ಗಜ ಹಿಂದೆ ನಿಂತ ಪಂಟರ್‌ಗೆ, ಅಂದರೆ ಚೆಂಡನ್ನು ದೂರಕ್ಕೆ ಒದೆಯುವವನಿಗೆ, ಚೆಂಡು ಎಸೆಯುವವನು ಲಾಂಗ್ ಸ್ನ್ಯಾಪರ್. ಸರಿಯಾಗಿ ಎಸೆದರೆ ಯಾರೂ ಅವನ ಹೆಸರು ಕೇಳುವುದಿಲ್ಲ, ಒಂದೇ ಒಂದು ತಪ್ಪಿದರೆ ಮ್ಯಾಚೇ ಹೋಗುತ್ತದೆ. ಇಂಥ ಜಾಗಕ್ಕೆ ಸ್ಕಾಲರ್‌ಶಿಪ್ ಖರ್ಚು ಮಾಡಲು ತಂಡಗಳು ಹಿಂದೆಮುಂದೆ ನೋಡುತ್ತವೆ, ಅದಕ್ಕೇ ವಾಕ್-ಆನ್‌ಗಳಿಗೆ ಇದು ದೊಡ್ಡ ಬಾಗಿಲು. ಒಳಾಂಗಣದಲ್ಲಿ ಹುಡುಗ ಒಂದೇ ಸಮನೆ 20 ಎಸೆತ ಎಸೆದ. ಕೋಚ್ ಕೈಯಲ್ಲಿ ಸ್ಟಾಪ್‌ವಾಚ್. 0.75 ಸೆಕೆಂಡಿನ ಒಳಗೆ ಬಂದರೆ ಒಳ್ಳೆಯದು. ಹನ್ನೆರಡನೆಯದು ಪಂಟರ್‌ನ ತಲೆ ಮೇಲೆ ಹಾರಿ ಬಲೆಗೆ ಬಡಿಯಿತು. ಹುಡುಗ ತಿರುಗಿ ನಮ್ಮ ಮುಖ ನೋಡಲಿಲ್ಲ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮುಂದಿನ ಚೆಂಡು ಹಿಡಿದು ಹೊಲಿಗೆಯ ಮೇಲೆ ಬೆರಳು ಕೂರಿಸಿದ, ಎಸೆದ. 0.71. ಕೋಚ್ ನನ್ನ ಕಡೆ ನೋಡಿ ತಲೆ ಆಡಿಸಿದರು.

ಮನೆಯವರ ಜೊತೆ ಮಾತು ಶುರುವಾಗುತ್ತಿದ್ದದ್ದು ಫುಟ್ಬಾಲಿನಿಂದಲ್ಲ, ದುಡ್ಡಿನಿಂದ. ಹುಡುಗ ಅದೇ ರಾಜ್ಯದವನಾದರೆ ಫೀಸು ಎಷ್ಟೋ ಕಡಿಮೆ. ಅಂಕ ಚೆನ್ನಾಗಿದ್ದರೆ ಓದಿನ ಸ್ಕಾಲರ್‌ಶಿಪ್ ಇದೆ, ಅದರ ಗಡುವು ಕೋಚ್‌ಗಳು ಮನಸ್ಸು ಮಾಡುವುದಕ್ಕಿಂತ ಮೊದಲೇ ಮುಗಿಯುತ್ತದೆ. ಫಾಫ್ಸಾ ಎಂಬ ಸರ್ಕಾರಿ ನೆರವಿನ ಅರ್ಜಿ ತುಂಬಬೇಕು. ಜೊತೆಗೆ ಹೈಸ್ಕೂಲಿನಲ್ಲಿ 16 ಕೋರ್ ಕೋರ್ಸುಗಳು (ಇಂಗ್ಲಿಷ್, ಗಣಿತದಂಥ ಮುಖ್ಯ ಪಾಠಗಳು) ಮುಗಿದಿರಬೇಕು, ಇಲ್ಲವಾದರೆ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಮೊದಲ ವರ್ಷ ಆಡಲು ಬಿಡುವುದಿಲ್ಲ. ನಾನು ಇದನ್ನೆಲ್ಲ ಒಂದು ಹಾಳೆಯಲ್ಲಿ ಕೂಡಿಸಿ ಕಳೆದು, ಕೊನೆಗೆ ಮನೆಯಿಂದ ಎಷ್ಟು ಕಟ್ಟಬೇಕಾಗುತ್ತದೆ ಎಂದು ತಾಯಿಯ ಮುಂದೆ ಇಡುತ್ತಿದ್ದೆ. ಊಟದ ವಿಷಯ ಮಾತ್ರ ಧೈರ್ಯವಾಗಿ ಹೇಳಬಹುದಿತ್ತು. 2014ರಿಂದ ವಾಕ್-ಆನ್‌ಗಳಿಗೂ ತಂಡದ ಊಟ, ತಿಂಡಿ ಮಿತಿಯಿಲ್ಲದೆ ಕೊಡಬಹುದೆಂದು ನಿಯಮ ಬದಲಾಗಿದೆ. ಅದಕ್ಕೆ ಮೊದಲು ಒಟ್ಟಿಗೆ ಪೆಟ್ಟು ತಿಂದ ಹುಡುಗರು ಊಟದ ಹೊತ್ತಿಗೆ ಬೇರೆಬೇರೆ ಆಗುತ್ತಿದ್ದರು ಎಂದು ಹಳೆಯ ಕೋಚ್‌ಗಳು ಹೇಳಿದ್ದು ನನಗೆ ಇಂದಿಗೂ ಸಂಕಟ ತರುತ್ತದೆ.

ನಾನು ಮಾಡಿದ ತಪ್ಪನ್ನೂ ಬರೆಯಬೇಕು. ಎರಡನೇ ವರ್ಷ, ಒಬ್ಬ ಲೈನ್‌ಬ್ಯಾಕರ್‌ನ ತಂದೆ "ಮುಂದೆ ಸ್ಕಾಲರ್‌ಶಿಪ್ ಸಿಗುತ್ತಾ?" ಅಂತ ಕೇಳಿದರು. "ಎರಡನೇ ವರ್ಷಕ್ಕೆ ನೋಡೋಣ" ಅಂದೆ. ನಮ್ಮೂರಲ್ಲಿ "ನೋಡೋಣ" ಅಂದರೆ ಇಲ್ಲ ಅನ್ನಲು ಬಾಯಿ ಬಾರದವರ ಮಾತು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದೆ. ಅವರಿಗೆ ಅದು ದಿನ ಗೊತ್ತುಮಾಡಿದ ಹಾಗೆ ಕೇಳಿಸಿತು. ಒಂದು ಸಣ್ಣ ಕಾಲೇಜು ಕೊಟ್ಟಿದ್ದ ಅರ್ಧ ಸ್ಕಾಲರ್‌ಶಿಪ್ಪನ್ನು ಬಿಟ್ಟು ಹುಡುಗ ನಮ್ಮಲ್ಲಿಗೆ ಬಂದ. ಎರಡು ವರ್ಷ ಕಳೆಯಿತು, ಏನೂ ಸಿಗಲಿಲ್ಲ. ಆ ತಂದೆ ಮತ್ತೆ ಬಂದು ನನ್ನೆದುರು ಕೂತರು. ಬೈಯಲಿಲ್ಲ. "ನೀವು ಹೇಳಿದ್ದಿರಲ್ಲ" ಎಂದಷ್ಟೇ ಅಂದರು. ಆ ಮನೆಯವರು ಮಾಡಿದ ಸಾಲದಲ್ಲಿ ನನ್ನ ಒಂದು ಮಾತಿನ ಪಾಲಿದೆ.

ಅಂದಿನಿಂದ ಮಾತಾಡಿದ್ದನ್ನೆಲ್ಲ ಬರೆದು ಕೊಡಲು ಶುರು ಮಾಡಿದೆ. ಸ್ಕಾಲರ್‌ಶಿಪ್ ಇಲ್ಲ. ಮುಂದೆ ಸಿಗುತ್ತದೆಂಬ ಭರವಸೆ ಇಲ್ಲ. ಹೊರಊರಿನ ಮ್ಯಾಚಿಗೆ ಬಸ್ಸಿನಲ್ಲಿ ಜಾಗದ ಭರವಸೆ ಇಲ್ಲ. ಜರ್ಸಿ, ಲಾಕರ್, ಕೋಚಿಂಗ್, ಟ್ಯೂಟರ್, ವೈದ್ಯರು ಎಲ್ಲರಿಗಿರುವಂತೆ ನಿನಗೂ ಇದೆ. ಬೇಕರ್ ಮೇಫೀಲ್ಡ್ ಹೆಸರು ಎತ್ತುವುದನ್ನೂ ಬಿಟ್ಟೆ. 2013ರಲ್ಲಿ ಟೆಕ್ಸಸ್ ಟೆಕ್‌ಗೆ ವಾಕ್-ಆನ್ ಆಗಿ ಹೋದವನು 2017ರಲ್ಲಿ ಕಾಲೇಜು ಫುಟ್ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದ, ಮರುವರ್ಷ ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಹೋದ, ಎಲ್ಲ ನಿಜ. ಆದರೆ 17 ವರ್ಷದ ಹುಡುಗನ ಮುಂದೆ ಆ ಕಥೆ ಹೇಳಿದರೆ ಅವನಿಗೆ ಬೇರೇನೂ ಕೇಳಿಸುವುದಿಲ್ಲ. ಹಾಳೆ ಓದಿ ಕೆಲವರು ಹೊರಟುಹೋದರು. ಹೋಗಿದ್ದೇ ಒಳ್ಳೆಯದಾಯಿತು. ಓದಿಯೂ ಬಂದವರು ಅರ್ಧದಲ್ಲಿ ಬಿಟ್ಟು ಹೋಗುವುದು ಕಡಿಮೆಯಾಯಿತು.

ಆ ಸ್ನ್ಯಾಪರ್ ಹುಡುಗನಿಗೆ ನಾಲ್ಕನೇ ವರ್ಷ, 85ರಲ್ಲಿ ಒಂದು ಖಾಲಿ ಉಳಿದಾಗ, ಸ್ಕಾಲರ್‌ಶಿಪ್ ಸಿಕ್ಕಿತು. ಅವನು ಮೊದಲು ತಾಯಿಗೆ ಫೋನ್ ಮಾಡಿ ಕೇಳಿದ್ದು, "ಈ ಸಲದ ಫೀಸು ಕಟ್ಟಿಬಿಟ್ರಾ?" ಆ ರಾತ್ರಿ ಅಪ್ಪನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಗ್ದೇ ಇದ್ದಿದ್ರೂ ಎಸೀತಿದ್ನಾ?" ಅಂದರು. "ಎಸೀತಿದ್ದ ಅಪ್ಪಾ. ಮೂರು ವರ್ಷ ಎಸೆದಿದ್ನಲ್ಲ" ಅಂದೆ. ಆಮೇಲೆ ಅಪ್ಪ ಆ ಹಳೆಯ ಪ್ರಶ್ನೆ ಕೇಳಲಿಲ್ಲ.

ಈಗ ಕೆಲಸದ ಸ್ವರೂಪವೇ ಬದಲಾಗಿದೆ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ಒಪ್ಪಂದಕ್ಕೆ ಅಂಗೀಕಾರ ಕೊಟ್ಟರು. ಆಟಗಾರರಿಗೆ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು, ಅದು ಬಹಳ ಹಿಂದೆಯೇ ಆಗಬೇಕಿದ್ದ ನ್ಯಾಯ. 85ರ ಮಿತಿಯೂ ಹೋಯಿತು. ಆದರೆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಇಡೀ ಫುಟ್ಬಾಲ್ ತಂಡಕ್ಕೆ 105 ಜನರ ಮಿತಿ ಬಂತು. ಅಲ್ಲಿಯವರೆಗೆ ವಾಕ್-ಆನ್‌ಗಳೂ ಸೇರಿ ಎಷ್ಟೋ ತಂಡಗಳು ಅದಕ್ಕಿಂತ ದೊಡ್ಡದಿರುತ್ತಿದ್ದವು, ಹಾಗಾಗಿ ಕತ್ತರಿ ಬಿದ್ದದ್ದು ವಾಕ್-ಆನ್‌ಗಳಿಗೆ. ಒಪ್ಪಂದ ಇನ್ನೂ ಕೋರ್ಟಿನಲ್ಲಿದ್ದಾಗಲೇ ಎಷ್ಟೋ ತಂಡಗಳು ಹುಡುಗರನ್ನು ಕೈಬಿಟ್ಟಿದ್ದವು. ಹಾಗೆ ಜಾಗ ಕಳೆದುಕೊಂಡವರನ್ನು ಮಿತಿಯ ಲೆಕ್ಕಕ್ಕೆ ಸೇರಿಸದೆ ವಾಪಸು ತೆಗೆದುಕೊಳ್ಳಬಹುದೆಂದು ನ್ಯಾಯಾಧೀಶೆಯ ಒತ್ತಾಯದಿಂದ ಸೇರಿಸಲಾಯಿತು, ಆದರೆ ತೆಗೆದುಕೊಳ್ಳಲೇಬೇಕೆಂದಿಲ್ಲ. ಕೈಬಿಟ್ಟವರಿಗೆ ಹೇಳುವ ಕೆಲಸದಲ್ಲಿ ನಾನೂ ಕೂತಿದ್ದೆ. ಅವರಲ್ಲಿ ಹಲವರಿಗೆ ಆ ಹಾಳೆಯನ್ನು ಕೊಟ್ಟವನು ನಾನೇ. ಜಾಗವೇ ಹೋಗಬಹುದು ಎಂಬ ಸಾಲು ಅದರಲ್ಲಿ ಇರಲಿಲ್ಲ. ಈಗ ಇದೆ.

ಕಳೆದ ಚಳಿಗಾಲದಲ್ಲಿ ಎಂಟು ಜನರ ತಂಡ ನಡೆಸುವ ಒಬ್ಬ ಹಳೆಯ ಕೋಚ್ ಫೋನ್ ಮಾಡಿದರು. "ಈ ವರ್ಷ ಎಷ್ಟು ಜಾಗ ಇದೆ?"

"ಮೂರು."

"ಮೊದಲೆಲ್ಲ ಹದಿನೈದು ಅಂತಿದ್ರಿ."

"ಹೌದು."

"ಒಬ್ಬ ಹುಡುಗ ಇದ್ದಾನೆ. ಸೋತ ಮ್ಯಾಚೇ ಕಳಿಸ್ತೀನಿ."

ರಾತ್ರಿ ಮನೆಯಲ್ಲಿ ಕೂತು ನೋಡಿದೆ. ಮೂರನೇ ಕ್ವಾರ್ಟರ್, ಎದುರಾಳಿ ಚೆಂಡು ಹಿಡಿದು ಎಡಗಡೆ ಗೆರೆಯ ಉದ್ದಕ್ಕೂ ಓಡುತ್ತಿದ್ದ, ಇನ್ನು ಸಿಗುವ ಮಾತೇ ಇಲ್ಲ. ಬಲತುದಿಯಿಂದ ಈ ಹುಡುಗ ಇಡೀ ಮೈದಾನ ಅಡ್ಡ ಹಾಯ್ದು ಓಡುತ್ತಲೇ ಇದ್ದ. ವಿಡಿಯೊ ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡಿದೆ.