ದುಂಡು ಕೊಟ್ಟಿಗೆಯ ಅಳತೆ ತೆಗೆದ ಅನುಭವ

ಅಮೆರಿಕದ ವಿಸ್ಕಾನ್ಸಿನ್‌ ರಾಜ್ಯದ ವರ್ನನ್ ಕೌಂಟಿಯಲ್ಲಿ ದುಂಡನೆಯ ದನದ ಕೊಟ್ಟಿಗೆಗಳು ಜಾಸ್ತಿ. ಅಲ್ಲಿನ ಒಂದು ರೈತ ಕುಟುಂಬಕ್ಕೆ ರಿಪೇರಿಗೆ ಮುಂಚೆ ನಕ್ಷೆ ಬೇಕಿತ್ತು. ಅಳತೆ ತೆಗೆದು ಬರೆದುಕೊಟ್ಟವನು ನಾನು.

ದುಂಡು ಕಟ್ಟಡ ತಾನೇ, ನಡುವಿನಿಂದ ಟೇಪು ಹಿಡಿದರೆ ಸಾಕಲ್ವಾ? ಸಾಗುವುದಿಲ್ಲ. ನಟ್ಟನಡುವೆ ಮೇವು ತುಂಬುವ ಗೋಪುರ, ಅಂದರೆ ಸೈಲೋ, ನಿಂತಿದೆ. ಅದಕ್ಕೇ ಹೊರಗೋಡೆಗೆ ಟೇಪು ಸುತ್ತಿದೆ. 188 ಅಡಿ ಚಿಲ್ಲರೆ ಬಂತು. 3.14ರಿಂದ ಭಾಗಿಸಿದರೆ ಅಡ್ಡಳತೆ 60 ಅಡಿ. ಆದರೆ ಹಳೇ ಮರದ ಗೋಡೆ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ. ಒಳಗೋಡೆಯ ಮೇಲೆ 10 ಅಡಿ ದಾರ ಬಿಗಿದು, ದಾರದ ನಡುವಿನಿಂದ ಗೋಡೆಗೆ ಎಷ್ಟು ದೂರ ಅಂತ ನೋಡುತ್ತಾ ಹೋದೆ. ಸರಿಯಾದ ಕಡೆ 5 ಇಂಚು ಬರಬೇಕು. ಕಡಿಮೆ ಬಂದರೆ ಗೋಡೆ ಚಪ್ಪಟೆಯಾಗಿದೆ, ಜಾಸ್ತಿ ಬಂದರೆ ಹೊರಗೆ ಉಬ್ಬಿದೆ.

ಇಷ್ಟೇ ಜಾಗವನ್ನು 36 ಅಡಿ ಅಗಲದ ಉದ್ದನೆ ಕೊಟ್ಟಿಗೆಯಾಗಿ ಕಟ್ಟಿದರೆ 229 ಅಡಿ ಗೋಡೆ ಬೇಕು. ಸುಮಾರು 40 ಅಡಿ ಗೋಡೆ ಉಳಿತಾಯ! ಕೆಲಸವೂ ಹಗುರ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಎಫ್.ಎಚ್. ಕಿಂಗ್ 1889ರಲ್ಲಿ ತಮ್ಮ ಸೋದರನಿಗಾಗಿ ಇಂಥದ್ದೊಂದನ್ನು ರೂಪಿಸಿದ್ದರು. ನಡುವೆ ಸೈಲೋ, ಸುತ್ತಲೂ ಹಸುಗಳು. ಒಂದೇ ಸುತ್ತು ಹಾಕಿದರೆ ಎಲ್ಲಾ ಗೋದಲಿಗಳಿಗೂ ಮೇವು ಬೀಳುತ್ತದೆ. ಮ್ಯಾಸಚೂಸೆಟ್ಸ್‌ನ ಹ್ಯಾನ್‌ಕಾಕ್‌ನಲ್ಲಿ ಶೇಕರ್ ಎಂಬ ಕ್ರೈಸ್ತ ಪಂಥದವರು 1826ರಲ್ಲೇ ಕಲ್ಲಿನ ದುಂಡು ಕೊಟ್ಟಿಗೆ ಕಟ್ಟಿದ್ದರು. ಅಲ್ಲಿ ಗಾಡಿ ಮೇಲಂತಸ್ತಿಗೆ ಬಂದು, ಹುಲ್ಲನ್ನು ನಡುವಿಗೆ ಸುರಿದು, ಸುತ್ತಿ ಹೊರಟುಬಿಡುತ್ತಿತ್ತು.

ಪ್ರೊಫೆಸರು ರೂಪಿಸಿದರು ಸರಿ, ಕಟ್ಟಿದವರು ಯಾರು? ವರ್ನನ್ ಕೌಂಟಿಯ ಹಲವು ದುಂಡು ಕೊಟ್ಟಿಗೆಗಳು ಆಫ್ರಿಕನ್ ಅಮೆರಿಕನ್ ಬಡಗಿ ಆಲ್ಗಾ ಶಿವರ್ಸ್ ಅವರ ಕೈಕೆಲಸ. ಆ ಹೆಸರನ್ನು ಮೊದಲು ಹೇಳಬೇಕು ಅಂತ ನನಗನಿಸುತ್ತದೆ.

ಅಟ್ಟಕ್ಕೆ ಹತ್ತಿದ ಮೇಲೆ ನನಗೆ ಇಳಿಯಲು ಮನಸ್ಸೇ ಬರಲಿಲ್ಲ. ಗೋಡೆಯ ತಲೆಯ ಮೇಲೆ ಬಳೆಯಂತೆ ಒಂದು ಮರದ ಸುತ್ತು. ದಪ್ಪ ತೊಲೆಯಲ್ಲ, ತೆಳು ಹಲಗೆಗಳನ್ನು ಬಾಗಿಸಿ ಪದರ ಪದರವಾಗಿ ಮೊಳೆ ಹೊಡೆದದ್ದು. ಒಂದು ಪದರದ ಕೂಡು ಬಂದ ಕಡೆ ಮೇಲಿನ ಪದರದ ಕೂಡು ಬರದಂತೆ ನೋಡಿಕೊಂಡಿದ್ದಾರೆ. ಚಾವಣಿಯ ಭಾರ ಗೋಡೆಯನ್ನು ಹೊರಗೆ ತಳ್ಳದಂತೆ ತಡೆಯುವುದು ಇದೇ.

ಟ್ರ್ಯಾಕ್ಟರ್, ಕರೆಂಟು ಬಂದ ಮೇಲೆ ಇಂಥವನ್ನು ಕಟ್ಟುವುದು ನಿಂತಿತು. ಉದ್ದನೆಯದನ್ನಾದರೆ ಬೇಕಾದಾಗ ಬೆಳೆಸಬಹುದು, ದುಂಡನೆಯದನ್ನು ಆಗುವುದಿಲ್ಲ.

ನಕ್ಷೆಯಲ್ಲಿ ಗೋಡೆಯ ತಲೆಯ ಆ ಮರದ ಸುತ್ತಿಗೇ ಒಂದು ಪೂರ್ತಿ ಹಾಳೆ ಕೊಟ್ಟೆ. ಗೋಡೆ ಉಬ್ಬಿದ ಉತ್ತರ ಭಾಗದಲ್ಲಿ ಆ ಸುತ್ತಿನ ಕೊಳೆತ ಹಲಗೆ ತೆಗೆದು, ಕೂಡು ತಪ್ಪಿಸಿ ಹೊಸದು ಜೋಡಿಸುತ್ತಿದ್ದಾರೆ. ಗೋಡೆಯ ಹಲಗೆ ಆಮೇಲೆ.